ಏರಿಯ ಕೆಳಗಿನ ಬಾಡಿಗೆ ಮನೆ

ಸ್ಯಾನ್ ಹೋಸೆಯ ಉತ್ತರದ ಅಂಚಿನಲ್ಲಿ, ಕೊಲ್ಲಿಯ ಉಪ್ಪುನೀರಿಗೆ ಅಂಟಿಕೊಂಡ ಹಾಗೆ ಅಲ್ವಿಸೋ ಎಂಬ ಸಣ್ಣ ಊರಿದೆ. ಹಿಂದಿನವರು ತೋಟಗಳಿಗೆಂದು ನೆಲದಡಿಯ ನೀರನ್ನು ಎತ್ತಿ ಎತ್ತಿ, ಊರಿಗೆ ಊರೇ ಸಮುದ್ರದ ಮಟ್ಟಕ್ಕಿಂತ ಕೆಳಗೆ ಕುಸಿದಿದೆ. ನೀರು ಒಳಗೆ ನುಗ್ಗದಂತೆ ತಡೆದಿರುವುದು ಸುತ್ತಲಿನ ಮಣ್ಣಿನ ಏರಿಗಳು. ಅಂಥ ಏರಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಮೈಸೂರಿನ ವೇದವತಿ ಇಪ್ಪತ್ತೇಳು ವರ್ಷ ಕಳೆದಳು. ಓದಿದ್ದು ಸಿವಿಲ್ ಎಂಜಿನಿಯರಿಂಗು. ಮದುವೆಯಾಗಲಿಲ್ಲ, ಯಾಕೆ ಅಂತ ಕೇಳಿದವರಿಗೆ ಉತ್ತರವನ್ನೂ ಕೊಡಲಿಲ್ಲ.

ಅವಳ ಹಟದ ಬಗ್ಗೆ ಆಫೀಸಿನಲ್ಲಿ ಒಂದು ಕಥೆ ಇತ್ತು. ಅಲ್ಲಿನ ಅಳಿಲುಗಳು ಮರ ಹತ್ತುವುದಕ್ಕಿಂತ ನೆಲ ತೋಡುವುದೇ ಹೆಚ್ಚು. ಒಂದು ಬೇಸಿಗೆಯಲ್ಲಿ ಅವು ಒಂದು ಏರಿಯನ್ನು ಜರಡಿ ಮಾಡಿಬಿಟ್ಟವು. ವೇದವತಿ ವರದಿ ಬರೆದಳು. ಮೇಲಧಿಕಾರಿ ಮುಂದಿನ ತಿಂಗಳು ನೋಡೋಣ ಎಂದ. ಮುಂದಿನ ತಿಂಗಳೂ ಅದನ್ನೇ ಎಂದ. ಅವಳು ಅಂಗಡಿಗೆ ಹೋಗಿ ನೀಲಿ ಬಣ್ಣದ ಸಣ್ಣ ಬಾವುಟಗಳನ್ನು ಪೆಟ್ಟಿಗೆಗಟ್ಟಲೆ ತಂದು, ಎರಡು ದಿನ ಏರಿಯ ಮೇಲೆ ಬಗ್ಗಿ ನಡೆದು, ಪ್ರತಿ ಬಿಲದ ಬಾಯಿಗೂ ಒಂದೊಂದು ನೆಟ್ಟಳು. ಮೂರನೆಯ ದಿನ ಫ್ರೀವೇಯಲ್ಲಿ ಹೋಗುವವರೆಲ್ಲ ಆ ನೀಲಿ ಸಾಲು ಏನೆಂದು ಫೋನು ಮಾಡತೊಡಗಿದರು. ಆ ವಾರವೇ ಮಣ್ಣಿನ ಲಾರಿಗಳು ಬಂದವು. ಅವಳಿಗೆ ಬುದ್ಧಿವಾದದ ಒಂದು ಪತ್ರವೂ ಬಂತು. ಅದನ್ನು ಅವಳು ಅಡುಗೆಮನೆಯ ಡಬ್ಬಿಯ ಕೆಳಗೆ ಹಾಸಿಕೊಂಡಳು.

ಅವಳು ಇದ್ದದ್ದು ಅಲ್ವಿಸೋದಲ್ಲೇ, ಎರಡು ಕೋಣೆಯ ಹಳೆಯ ಮರದ ಮನೆಯಲ್ಲಿ, ಬಾಡಿಗೆಗೆ. ಅವಳ ಜೊತೆ ಬಂದವರೆಲ್ಲ ಕ್ಯುಪರ್ಟಿನೋ, ಲಾಸ್ ಗ್ಯಾಟೋಸ್ ಅಂತ ಸ್ವಂತ ಮನೆ ಮಾಡಿಕೊಂಡರು. ಹಬ್ಬಕ್ಕೆ ಸೇರಿದಾಗಲೆಲ್ಲ "ಇನ್ನೂ ರೆಂಟಲ್ಲೇ ಇದೀರಾ?" ಎಂದು, ಕಾಯಿಲೆ ವಿಚಾರಿಸುವ ದನಿಯಲ್ಲಿ ಕೇಳುತ್ತಿದ್ದರು. ಹೌದು ಅನ್ನುತ್ತಿದ್ದಳು. ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ಅವಳು ನಿವೃತ್ತಳಾದ ವರ್ಷವೇ ಮಾಲೀಕ ಆ ಮನೆ ಮಾರಿದ. ಏರಿ ಎತ್ತರವಾಗಿ, ಗಟ್ಟಿಯಾಗಿ, ಊರಿಗೆ ಭಯವಿಲ್ಲ ಎಂದಾದ ಮೇಲೆ ಆ ಜಾಗದ ಮೇಲೆ ಎಲ್ಲರ ಕಣ್ಣು ಬಿದ್ದಿತ್ತು. ಎರಡು ತಿಂಗಳಲ್ಲಿ ಮನೆ ಬಿಡಬೇಕೆಂಬ ನೋಟಿಸು ಕೈಗೆ ಬಂದ ದಿನ ವೇದವತಿ ಏರಿಯ ಮೇಲೆ ಉದ್ದಕ್ಕೂ ನಡೆದು ಬಂದಳು. ತಾನು ಕಾದ ಏರಿಯೇ ತನ್ನನ್ನು ಹೊರಗೆ ಹಾಕಿತಲ್ಲ ಎಂದು ಒಂದು ಕ್ಷಣ ನಗು ಬಂತು, ಆಮೇಲೆ ಬರಲಿಲ್ಲ.

ತಮ್ಮ ಅನಂತಪದ್ಮನಾಭ ಕ್ಯುಪರ್ಟಿನೋದಲ್ಲಿದ್ದ. ಅವನು ಒಂದೇ ಮಾತಿನಲ್ಲಿ ಎಲ್ಲ ತೀರ್ಮಾನಿಸಿದ: ಅವನ ಹಿತ್ತಲಿನಲ್ಲಿ ಹೊಸದಾಗಿ ಕಟ್ಟಿಸಿದ ಪುಟ್ಟ ಮನೆ ಇದೆ, ಅಕ್ಕ ಅಲ್ಲಿಗೆ ಬರುತ್ತಾಳೆ. ಅವಳು ಯೋಚನೆ ಮಾಡ್ತೀನಿ ಅಂದಳು. ಅವನು ಅದನ್ನು ಒಪ್ಪಿಗೆ ಎಂದುಕೊಂಡ.

ಅವಳು ನಿಜಕ್ಕೂ ಯೋಚಿಸಿದಳು. ಹತ್ತು ವರ್ಷದ ಹಿಂದೆ ಈ ಏರಿಗಳನ್ನು ನೋಡಲು ಹಾಲೆಂಡಿನಿಂದ ಹೆಂಕ್ ಎಂಬ ಎಂಜಿನಿಯರು ಬಂದಿದ್ದ. ಆಮೇಲೂ ಪ್ರತಿ ಹೊಸ ವರ್ಷಕ್ಕೆ ತನ್ನ ಹಳ್ಳಿಯ ಫೋಟೋ ಕಳಿಸುತ್ತಿದ್ದ. ಉತ್ತರ ಸಮುದ್ರದ ಕಡೆಗೆ ದೊಡ್ಡ ಏರಿ, ಅದರ ಕೆಳಗೆ ಮೂವತ್ತೋ ನಲವತ್ತೋ ಮನೆ, ಹುಲ್ಲು, ಕುರಿ. ತನ್ನ ಅಕ್ಕ ಬಾಡಿಗೆಗೆ ಕೊಡುವ ಪಕ್ಕದ ಮನೆ ಖಾಲಿ ಬಿದ್ದಿದೆ, ಒಳ್ಳೆಯ ಬಾಡಿಗೆದಾರರು ಸಿಗುತ್ತಿಲ್ಲ ಎಂದು ಆ ವರ್ಷ ಬರೆದಿದ್ದ. ವೇದವತಿ ಅವನಿಗೆ ನಾಲ್ಕು ಸಾಲು ಬರೆದಳು. ಒಂದು ವಾರದಲ್ಲಿ ಅವನ ಅಕ್ಕ ಫೆನ್ನಾ ವಿಡಿಯೋ ಕಾಲಿನಲ್ಲಿ ಎದುರಿಗೆ ಕೂತಳು. ಅಲ್ವಿಸೋದಲ್ಲಿ ಬೆಳಗಿನ ಕಾಫಿಯ ಹೊತ್ತು, ಅಲ್ಲಿ ಸಂಜೆ.

ಫೆನ್ನಾ ಎಪ್ಪತ್ತಾರರ ಹೆಂಗಸು, ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು. ಮನೆ ಕೊಡುವವಳಂತೆ ಮಾತಾಡಲಿಲ್ಲ. ಊರಿನಲ್ಲಿ ಅಂಗಡಿ ಇಲ್ಲ, ಬ್ರೆಡ್ಡಿನ ವ್ಯಾನು ವಾರಕ್ಕೊಮ್ಮೆ ಬರುತ್ತದೆ, ಚಳಿಗಾಲದಲ್ಲಿ ಗಾಳಿ ಸೈಕಲ್ಲನ್ನೇ ಕೆಡವುತ್ತದೆ ಎಂದು ಹೆದರಿಸಿದಳು. ಹಿಂದೆ ಇಬ್ಬರು ಸಿಟಿಯವರು ಬಂದು ಒಂದೊಂದು ಚಳಿಗಾಲಕ್ಕೇ ಓಡಿಹೋದರಂತೆ. ಆ ಮನೆಯಲ್ಲಿ ಇರುವವರು ಪಕ್ಕದ ಕಾಲುವೆಯ ಜೊಂಡು ಕೀಳಬೇಕು, ಶರತ್ಕಾಲದಲ್ಲಿ ಅದನ್ನು ನೋಡಲು ನೀರಿನ ಇಲಾಖೆಯ ತನಿಖೆಯವರು ಬರುತ್ತಾರೆ. ಓಡಿಹೋದವರ ಪಾಲಿನ ಜೊಂಡನ್ನು ಕಿತ್ತವಳು ತಾನೇ ಎಂದಳು.

ವೇದವತಿ ಬೇಡಿಕೊಳ್ಳಲಿಲ್ಲ. ಏರಿಯ ಹುಲ್ಲನ್ನು ಕುರಿ ಮೇಯುತ್ತವೋ ಮೆಷಿನ್ನಿನಲ್ಲಿ ಕೊಯ್ಯುತ್ತಾರೋ ಎಂದು ಕೇಳಿದಳು. ಬಿಲ ತೋಡುವ ಪ್ರಾಣಿ ಯಾವುದು, ಅದನ್ನು ಹಿಡಿಯುವವರು ಯಾರು, ಹೋದ ಸಲದ ಬಿರುಗಾಳಿಗೆ ಏರಿಯ ಒಳಬದಿಯಲ್ಲಿ ನೀರು ಜಿನುಗಿತ್ತೋ ಎಂದು ಕೇಳಿದಳು. ನೀಲಿ ಬಾವುಟಗಳ ಕಥೆಯನ್ನೂ ಹೇಳಿದಳು. ಫೆನ್ನಾ, ಕಾಲುವೆಗೆ ಇಳಿಯಲು ಬೂಟು ಇದೆಯೇ ಎಂದಳು. ನಾಲ್ಕು ಜೊತೆ ಇವೆ ಎಂದಳು ವೇದವತಿ.

"ಹಾಗಾದರೆ ಒಂದು ವರ್ಷಕ್ಕೆ ಕೊಡುತ್ತೇನೆ," ಎಂದಳು ಫೆನ್ನಾ.

"ಒಂದು ವರ್ಷಕ್ಕಾದರೆ ನಾನು ಬರುವುದಿಲ್ಲ. ಮೂರು ವರ್ಷಕ್ಕೆ ಕೊಡಿ."

ಎರಡು ವರ್ಷಕ್ಕೆ ಮಾತು ಕುದುರಿತು. ವೇದವತಿ ವಕೀಲರನ್ನು ಹಿಡಿದು, ಏರಿ ಕಾಲುವೆಗಳ ಬಗ್ಗೆ ಸಲಹೆ ಕೊಡುವ ಕಚೇರಿಯೊಂದನ್ನು ತಾನೊಬ್ಬಳೇ ನಡೆಸುವುದಾಗಿ ತೋರಿಸಿ, ಹಾಲೆಂಡಿನಲ್ಲಿ ವಾಸ ಮಾಡುವ ಪರವಾನಗಿಗೆ ಅರ್ಜಿ ಹಾಕಿದಳು. ತಮ್ಮನಿಗೂ ಫೋನಿನಲ್ಲಿ ಹೇಳಿದಳು. ಅವನು ನಕ್ಕು, ಮೀಟಿಂಗು ಇದೆ ಎಂದು ಇಟ್ಟುಬಿಟ್ಟ.

ಅದಾದ ಎರಡನೆಯ ಭಾನುವಾರ ಊಟಕ್ಕೆ ಬಾ ಎಂದು ಕರೆದ. ಹೋದರೆ ಬಾಗಿಲಲ್ಲಿ ನಲವತ್ತು ಜೊತೆ ಚಪ್ಪಲಿ. ಹಿತ್ತಲ ಮನೆಗೆ ಮಾವಿನೆಲೆಯ ತೋರಣ, ಪುರೋಹಿತರು, ಬಾಳೆಲೆ. ಅವಳ ಗೃಹಪ್ರವೇಶ, ಅವಳಿಗೇ ಗೊತ್ತಿಲ್ಲದೆ. ತಮ್ಮ ಕೆಟ್ಟವನಲ್ಲ. ಅಕ್ಕನಿಗೆ ಕೈಗೆಟುಕಲಿ ಎಂದು ಕಪಾಟುಗಳನ್ನು ತಗ್ಗಿಸಿ ಹಾಕಿಸಿದ್ದ, ಅವಳಿಗೆ ಹಿಡಿಸುವ ಹಸಿರು ಟೈಲನ್ನು ಹುಡುಕಿ ತಂದಿದ್ದ. ಅವಳು ಆ ಟೈಲಿನ ಮೇಲೆ ಒಮ್ಮೆ ಕೈಯಾಡಿಸಿದಳು. ಆದರೂ ಒಂದು ಪಾತ್ರೆಯನ್ನು ಕೈಗಿಡುವಷ್ಟು ಸಲೀಸಾಗಿ ತನ್ನ ಉಳಿದ ಬದುಕನ್ನು ಯಾರೋ ತೀರ್ಮಾನಿಸಿಟ್ಟಿದ್ದಾರೆ ಎನ್ನುವುದೂ ಅಷ್ಟೇ ಸ್ಪಷ್ಟವಾಗಿ ಕಂಡಿತು. ತಮ್ಮನ ಹೆಂಡತಿ ಬಿಂದುಶ್ರೀ ಹಾಲಿನ ಪಾತ್ರೆಯನ್ನು ಮುಂದೆ ಹಿಡಿದಳು.

"ಅತ್ತಿಗೆ, ನಿಮ್ಮ ಕೈಯಲ್ಲೇ ಉಕ್ಕಿಸಿ."

ವೇದವತಿ ಪಾತ್ರೆ ತೆಗೆದುಕೊಂಡು, ಒಲೆಯ ಮೇಲಿಡದೆ, ಕಟ್ಟೆಯ ಮೇಲಿಟ್ಟಳು.

"ಮನೆ ತುಂಬ ಚೆನ್ನಾಗಿದೆ, ಅನಂತು. ನಾನು ಇಲ್ಲಿಗೆ ಬರಲ್ಲ. ಮುಂದಿನ ತಿಂಗಳು ಹಾಲೆಂಡಿಗೆ ಹೋಗ್ತಿದೀನಿ."

ಮಂತ್ರ ನಿಂತಿತು. ಉಡುಪಿ ಕಡೆಯ ವೈಕುಂಠ ರಾಯರು ಹಿರಿಯರು, ಸಮಾಧಾನ ಮಾಡುವ ಅಭ್ಯಾಸದವರು. "ಈ ಪ್ರಾಯದಲ್ಲಿ ಪರದೇಶದಲ್ಲಿ ಬಾಡಿಗೆ ಮನೆಯಾ? ಎಂತಕ್ಕೆ ಮಾರಾಯ್ರೆ?" ಎಂದರು.

"ಇದೂ ಪರದೇಶವೇ, ರಾಯರೇ. ಇಲ್ಲಿಗೆ ಬಂದಾಗ ನನ್ನನ್ನ ಯಾರೂ ಎಂತಕ್ಕೆ ಅಂತ ಕೇಳಲಿಲ್ಲ."

ತಮ್ಮ ಅವಳನ್ನು ಪಕ್ಕಕ್ಕೆ ಕರೆದ. ಅವನ ಮುಖ ಕೆಂಪಾಗಿತ್ತು. "ಅಕ್ಕ, ಜನರ ಮುಂದೆ ಹೀಗೆ ಮಾಡಬಾರದಿತ್ತು ನೀನು."

"ಜನರನ್ನ ಕರೆಯೋಕೆ ಮುಂಚೆ ನನ್ನ ಕೇಳಬೇಕಿತ್ತು ನೀನು."

ಊಟ ಮಾಡದೆ ಹೊರಟಳು. ಫ್ರೀವೇ ಸೇರುವ ತನಕ ತಪ್ಪು ಮಾಡಿದೆನೇ ಎಂದು ತನ್ನನ್ನೇ ಕೇಳಿಕೊಂಡಳು. ಹಾಲನ್ನು ಆಮೇಲೆ ಬಿಂದುಶ್ರೀಯೇ ಉಕ್ಕಿಸಿದಳೆಂದು, ಅನಂತ ಊಟಕ್ಕೆ ಕೂರಲೇ ಇಲ್ಲವೆಂದು ಯಾರೋ ಹೇಳಿದರು. ಅದನ್ನು ಕೇಳಿ ಸಂಕಟವಾಯಿತು. ಟಿಕೆಟ್ಟನ್ನು ಮಾತ್ರ ಬದಲಾಯಿಸಲಿಲ್ಲ.

ಹೊರಡುವ ದಿನ ಅವನು ಹೇಳದೆ ಕೇಳದೆ ವ್ಯಾನು ತಂದು ಪೆಟ್ಟಿಗೆಗಳನ್ನು ಎತ್ತಿಟ್ಟ. ವಿಮಾನ ನಿಲ್ದಾಣದವರೆಗೂ ತಾನೇ ಕರೆದುಕೊಂಡು ಹೋದ. ಇಳಿಯುವಾಗ ಅವನು, ಆ ಮನೆ ಹಾಗೇ ಖಾಲಿ ಇರುತ್ತೆ, ಯಾವಾಗ ಬೇಕಾದರೂ ಬಾ ಎಂದ.

"ಖಾಲಿ ಇಡಬೇಡ. ಯಾರಿಗಾದರೂ ಬಾಡಿಗೆಗೆ ಕೊಡು," ಎಂದಳು. "ಬಾಡಿಗೆಯವರನ್ನ ಮರ್ಯಾದೆಯಾಗಿ ನೋಡ್ಕೊ."

ಹೆಂಕನ ಹಳ್ಳಿಯ ಜನ ಅವಳನ್ನು ನೋಡಲು ಅವಸರ ಮಾಡಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬಂತೆ ಕಾದರು. ಅವಳು ಬಂದಳು, ಎದೆಯೆತ್ತರದ ಬೂಟು ತೊಟ್ಟು, ಕುಡುಗೋಲು ಹಿಡಿದು, ಅಕ್ಟೋಬರಿನ ತಣ್ಣನೆಯ ಕಾಲುವೆಗೆ. ಬೆನ್ನು ಮೂರು ದಿನ ಹಿಡಿದುಕೊಂಡಿತು. ನವೆಂಬರಿನಲ್ಲಿ ತನಿಖೆಯವನು ಬಂದು, ಸೇತುವೆಯ ಹತ್ತಿರ ಹೂಳು ಉಳಿದಿದೆ, ಪೂರ್ತಿ ಮತ್ತೆ ಮಾಡಬೇಕು ಎಂದು ಬರೆದ. ವೇದವತಿ ಅಳತೆಯ ಕೋಲು ತಂದು ಅವನ ಎದುರಿಗೇ ನೀರಿಗಿಳಿದಳು. ಹೂಳು ಇದ್ದದ್ದು ನಿಜ, ಆರು ಮೀಟರು ಮಾತ್ರ. ಅಷ್ಟನ್ನೇ ಮಾಡುತ್ತೇನೆ, ಪೂರ್ತಿ ಎಂದು ಬರೆದದ್ದನ್ನು ಹೊಡೆದುಹಾಕು ಎಂದಳು. ಅವನು ಅವಳ ಕಡೆ, ಕೋಲಿನ ಕಡೆ ನೋಡಿ, ಬರೆದದ್ದನ್ನು ತಿದ್ದಿದ.

ಕಿಟಕಿಯಿಂದ ನೋಡುತ್ತಿದ್ದ ಫೆನ್ನಾ ಬಟಾಣಿ ಸೂಪಿನ ಪಾತ್ರೆ ಹಿಡಿದು ಬಂದಳು. ಒಪ್ಪಂದದ ಕಾಗದದಲ್ಲಿ ಎರಡು ವರ್ಷ ಅಂತ ಇರುವುದನ್ನು ಮೂರು ಮಾಡೋಣವೇ ಎಂದು ಕೇಳಿದಳು. ವೇದವತಿ ಸೂಪು ತೆಗೆದುಕೊಂಡಳು. ಕಾಗದದ ಮಾತು ಈ ಚಳಿಗಾಲ ಮುಗಿದ ಮೇಲೆ ಆಡೋಣ, ಮನೆಯ ಹಿಂದಿನ ಕಿಟಕಿಯಿಂದ ಗಾಳಿ ನುಗ್ಗುತ್ತಿದೆ, ಮೊದಲು ಅದನ್ನು ಸರಿಮಾಡಿಸಿ ಎಂದಳು.