ಕುಸುರೆಳ್ಳಿನ ಪಕ್ಕದ ತಟ್ಟೆ

ನೀವು ಇದನ್ನು ನಂಬುವುದಿಲ್ಲ. ಬೇಸರವೇನಿಲ್ಲ, ನನ್ನ ಕ್ಲಾಸಿನವರೂ ನಂಬಿಲ್ಲ. ಆದರೆ ಮೊಟ್ಟೆ ಹಾಕಿದ ಕೇಕ್ ಕಂಡರೆ ಸೋಫಾದ ಇನ್ನೊಂದು ತುದಿಗೆ ಸರಿದು ಕೂರುವ ಧಾರವಾಡದ ನನ್ನ ಅಜ್ಜಿ, ಪ್ಲೇನ್ಸ್‌ಬರೋದ ನಮ್ಮ ಅಡುಗೆಮನೆಯಲ್ಲಿ ಕೂತು ಹೆರಿಂಗ್ ಮೀನುಗಳ ವಯಸ್ಸು ಎಣಿಸಿದ್ದಾಳೆ. ಬೇಕಾದರೆ ಅಮ್ಮನನ್ನು ಕೇಳಿ. ಅಥವಾ ಬೇಡ, ಈ ವಾರ ಕೇಳಬೇಡಿ.

ಮೊದಲು ಆಂಟಿಯ ವಿಷಯ. ನಮ್ಮ ಕೆಳಗಿನ ಮನೆಯ ಆಂಟಿ ಉಡುಪಿ ಕಡೆಯವರು. ಈ ಕಾಂಪ್ಲೆಕ್ಸಿನಲ್ಲಿ ಯಾವ ಬಾಗಿಲು ತಟ್ಟಿದರೂ ಐಟಿಯವರೇ ತೆಗೆಯುತ್ತಾರೆ. ಇವರೊಬ್ಬರ ಕೆಲಸ ಮಾತ್ರ ಮೀನಿನದು. ಹೆರಿಂಗ್ ಬೋಟುಗಳು ಕೇಪ್ ಮೇ ಬಂದರಿಗೆ ಬಂದಾಗ ಒಂದು ಬಕೆಟ್ ಮೀನು ಎತ್ತಿಕೊಂಡು, ಉದ್ದ ಅಳೆದು, ತೂಗಿ, ತಲೆ ಸೀಳಿ ಕಿವಿಯೊಳಗಿನ ಕಲ್ಲು ತೆಗೆಯುತ್ತಾರೆ. ಹೌದು, ಮೀನಿಗೆ ಕಿವಿ ಇದೆ, ಕಿವಿಯೊಳಗೆ ಬಿಳಿ ಕಲ್ಲೂ ಇದೆ, ಎಳ್ಳಿಗಿಂತ ತುಸು ದೊಡ್ಡದು. ಅದರಲ್ಲಿ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಉಂಗುರ. ಆ ಉಂಗುರ ಎಣಿಸಿ, ಕಡಲಿನಲ್ಲಿ ಎಳೆಯವು ಎಷ್ಟು, ಮುದಿಯವು ಎಷ್ಟು ಎಂದು ತಿಳಿದ ಮೇಲೆಯೇ ಬರುವ ವರ್ಷ ಎಷ್ಟು ಹಿಡಿಯಬಹುದೆಂದು ತೀರ್ಮಾನವಾಗುವುದು.

"ಈ ಹೆರಿಂಗ್ ಉಂಟಲ್ಲ, ನಮ್ಮೂರ ಬೂತಾಯಿ ಮೀನಿನ ದೊಡ್ಡಮ್ಮನ ಮಗಳು ಮಾರಾಯ," ಎಂದರು ಆಂಟಿ. "ಬಲೆ ಹಾಕ್ಲಿಕ್ಕೆ ಎಲ್ಲರೂ ರೆಡಿ. ಯಾವಾಗ ಸಾಕು ಅಂತ ಹೇಳ್ಲಿಕ್ಕೆ ನಾವು ಮೂರು ಮತ್ತೊಂದು ಜನ."

"ಆಂಟಿ, ನನ್ನ ಕೈ ಸರ್ಜನ್ ಕೈ," ಎಂದೆ ನಾನು. ಆ ಕೈಯಲ್ಲಿ ನಾನು ಅಲ್ಲಿಯವರೆಗೆ ಸೀಳಿದ್ದು ಚಿಪ್ಸ್ ಪ್ಯಾಕೆಟ್ ಮಾತ್ರ. ಆಂಟಿ ನಕ್ಕು ಒಂದು ಮಾತು ಕೊಟ್ಟರು: ಅಭ್ಯಾಸಕ್ಕೆ ಒಂದು ಚೀಲ ಹೆರಿಂಗ್ ತಲೆ ಕೊಡುತ್ತಾರೆ, ಕಲ್ಲುಗಳನ್ನು ಮುರಿಯದೆ ತೆಗೆದುಕೊಟ್ಟರೆ ಸ್ಪ್ರಿಂಗ್ ಬ್ರೇಕಿನಲ್ಲಿ ಒಂದು ದಿನ ನಿಜವಾದ ಹೆರಿಂಗ್ ಬೋಟಿನಲ್ಲಿ ನನ್ನನ್ನು ಕಡಲಿಗೆ ಕರೆದೊಯ್ಯುತ್ತಾರೆ. ಆ ಸಂಜೆಯೇ ಅರ್ಧ ಸ್ಕೂಲಿಗೆ ನಾನು ಕ್ಯಾಪ್ಟನ್ ಎಂದು ಸುದ್ದಿಯಾಗಿತ್ತು. ಸುದ್ದಿ ಮಾಡಿದವನು ನಾನೇ.

ಅಮ್ಮನೂ ಒಪ್ಪಿದಳು, ಒಂದೇ ಷರತ್ತಿನ ಮೇಲೆ. "ಏನರ ಮಾಡ್ಕೋ, ಆಕಿ ಬಾಲ್ಕನಿಯಾಗ ಮಾಡು. ಮೀನು ನನ್ನ ಹೊಸ್ತಿಲ ದಾಟಿತಂದ್ರ ಬೋಟಿಲ್ಲ, ಗೀಟಿಲ್ಲ."

ಸಂಕ್ರಾಂತಿಯ ಶನಿವಾರ ಬಂತು. ಆಂಟಿ ಬೆಳಿಗ್ಗೆಯೇ ಬಂದರಿಗೆ ಹೋಗಿದ್ದರು, ಬಾಲ್ಕನಿಯ ಕೀಲಿ ನನ್ನ ಹತ್ತಿರ. ಅಲ್ಲಿ ಎಂಥ ಚಳಿಯೆಂದರೆ ನನ್ನ ಬೆರಳು ಯಾವುದು, ಚಿಮಟ ಯಾವುದು ಎಂದು ತಿಳಿಯದಾಯಿತು. ಮೊದಲ ಕಲ್ಲು ಪುಡಿ. ಎರಡನೆಯದು ಹಾರಿ ಕೆಳಗೆ ಯಾರದೋ ಟೆಸ್ಲಾದ ಮೇಲೆ ಬಿತ್ತು. ಬೋಟು ನನ್ನ ಕಣ್ಣೆದುರೇ ಮುಳುಗುತ್ತಿತ್ತು. ಅಷ್ಟರಲ್ಲಿ ಅಮ್ಮ ರೇಷ್ಮೆ ಸೀರೆಯ ಮೇಲೆ ಪಫರ್ ಜಾಕೆಟ್ ಹಾಕಿಕೊಂಡು ಪಾರ್ಸಿಪನಿಗೆ ಕಾರು ತಿರುಗಿಸುವುದು ಕಂಡಿತು. ಅಲ್ಲಿ ಗೆಳತಿಯರ ಎಳ್ಳು ಹಂಚುವ ಕಾರ್ಯಕ್ರಮ, ಸಂಜೆಯವರೆಗೆ ಬರುವುದಿಲ್ಲ. ಮುಂದೆ ಏನು ಮಾಡಿದೆನೆಂದು ಹೇಳಬೇಕಿಲ್ಲ.

ಮನೆಯಲ್ಲಿ ಅಜ್ಜಿ ಇದ್ದಳು. ಅವಳು ಎರಡು ದಿನ ಸಣ್ಣ ಉರಿಯ ಮೇಲೆ ಎಳ್ಳಿಗೆ ಹನಿಹನಿಯಾಗಿ ಸಕ್ಕರೆ ಪಾಕ ಹಾಕಿ, ಕೈಯಾಡಿಸಿ ಮಾಡಿದ ಕುಸುರೆಳ್ಳು ಸ್ಟೀಲ್ ತಟ್ಟೆಯಲ್ಲಿ ಆರುತ್ತಿತ್ತು, ಬೆಳ್ಳಗೆ, ಮೈತುಂಬ ಸಣ್ಣ ಮುಳ್ಳು. ನಾನು ಚೀಲ ಬಿಚ್ಚಿದೆ. ವಾಸನೆ ಈಸ್ಟ್ ಬ್ರನ್ಸ್‌ವಿಕ್‌ವರೆಗೆ ಹೋಗಿರಬೇಕು. ಸರಿ, ಪಾರ್ಕಿಂಗ್ ಲಾಟ್‌ವರೆಗೆ.

"ಏನಲೇ ಅದು?" ಎಂದಳು ಅಜ್ಜಿ, ಸೆರಗಿನಿಂದ ಮೂಗು ಮುಚ್ಚಿಕೊಂಡು.

"ಸೈನ್ಸ್, ಅಜ್ಜಿ."

"ಸೈನ್ಸಿಗೆ ಕಣ್ಣದಾವಲ್ಲೋ! ನನ್ನ ಕಡೆನ ನೋಡಾಕತ್ತೈತಿ!"

ಎಲ್ಲ ಹೇಳಿದೆ. ಕಿವಿ, ಕಲ್ಲು, ಉಂಗುರ, ಬೋಟು. ಅವಳು ನಾಲ್ಕು ಊದುಬತ್ತಿ ಹಚ್ಚಿದಳು. ಕಿಟಕಿ ತೆರೆದಳು. ಆಮೇಲೆ ನಾನು ಮೂರನೆಯ ಕಲ್ಲನ್ನು ಮುರಿಯುವುದನ್ನು ನೋಡಿದಳು. ಅಲ್ಲಿಗೆ ಅವಳ ತಾಳ್ಮೆ ಮುಗಿಯಿತು. ಜೀವಮಾನವಿಡೀ ಅಕ್ಕಿಯಲ್ಲಿ ಕಲ್ಲು ಆರಿಸಿದವಳು. ಇಲ್ಲಿನ ಪಟೇಲ್ ಅಂಗಡಿಯ ಪ್ಯಾಕೆಟ್ ಅಕ್ಕಿಯಲ್ಲಿ ಕಲ್ಲೇ ಸಿಗುವುದಿಲ್ಲವೆಂದು ಈ ದೇಶದ ಮೇಲೆ ಅವಳಿಗೆ ಒಳಗೊಳಗೇ ಸಿಟ್ಟಿತ್ತು.

"ತಲಿ ನೀ ಸೀಳು. ಮೀನ ನಾ ಮುಟ್ಟಂಗಿಲ್ಲ," ಎಂದು ಕನ್ನಡಕ ಏರಿಸಿದಳು. "ಕಲ್ಲು ಈ ಕಡೆ ಕೊಡು. ಕಲ್ಲಿಗೇನು ಮೈಲಿಗಿ?"

ನಾನು ಸೀಳುವುದು, ಅವಳು ಉಗುರಿನ ತುದಿಯಲ್ಲಿ ಕಲ್ಲನ್ನು ಸರಿಸಿ, ನೀರಿನಲ್ಲಿ ಅದ್ದಿ, ಒರೆಸಿ ಜೋಡಿ ಮಾಡುವುದು. ಅಲ್ಲಿಂದ ಮುಂದೆ ಒಂದೂ ಮುರಿಯಲಿಲ್ಲ. ನನ್ನ ಹಳೆಯ ಬರ್ತ್‌ಡೇ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಉಂಗುರ ಎಣಿಸಿದಳು, ಹೆಣ್ಣು ನೋಡಲು ಬಂದವರಂತೆ ಒಂದೊಂದಕ್ಕೂ ಒಂದು ಅಭಿಪ್ರಾಯ ಕೊಡುತ್ತ. "ಇಕಿ ಛಲೋ ಬಾಳುವೆ ಮಾಡ್ಯಾಳ ನೋಡು... ಇಂವಗ ಒಂದು ವರ್ಷ ಊಟ ಸರಿ ಸಿಕ್ಕಿಲ್ಲ, ಉಂಗುರ ಇಷ್ಟ ಸಣ್ಣದೈತಿ..." ಮುಗಿಯುವ ಹೊತ್ತಿಗೆ ಅವಳ ದನಿ ಇಳಿದಿತ್ತು.

"ಎಲ್ಲಾ ವಯಸ್ಸಾದವರ ಅದಾರಲ್ಲೋ. ದೊಡ್ಡವರ ಪಂಕ್ತಿ ಕುಂತೈತಿ, ಹುಡುಗೂರ ಪಂಕ್ತಿ ಎಲ್ಲಿ?"

"ದಟ್ಸ್ ದ ಪ್ರಾಬ್ಲಮ್, ಅಜ್ಜಿ. ಮರಿಗಳು ಬರ್ತಾನೇ ಇಲ್ಲ. ಅದಕ್ಕೇ ಹಿಡಿಯೋದನ್ನ ಕಟ್ ಮಾಡಿದ್ದಾರೆ."

"ಮಾಡ್ಲೇಬೇಕು. ಹುಡುಗೂರು ಬಂದು ಕುಂದ್ರೂಮಟ ಎಲಿ ಎತ್ತಬಾರದು ಅಂತ ಹೇಳು ಆಕಿಗೆ." ಕನ್ನಡಕವನ್ನು ಹಣೆಗೇರಿಸಿ, "ಬೋಟಿನಾಗ ನನಗೂ ಒಂದು ಜಾಗ ಐತೇನು ಕೇಳು," ಎಂದಳು.

ಫೋಟೋ ತೆಗೆದು ಆಂಟಿಗೆ ಕಳಿಸಿದೆ. ತಕ್ಷಣ ವಾಯ್ಸ್ ಮೆಸೇಜ್ ಬಂತು, ಹಿಂದೆ ಕಡಲಹಕ್ಕಿಗಳ ಗಲಾಟೆ: "ಒಂದೂ ಮುರೀಲಿಲ್ವಾ? ಯಾರು ಮಾಡಿದ್ದು ಸತ್ಯ ಹೇಳು. ಅಜ್ಜಿಯನ್ನೂ ಕರ್ಕೊಂಡು ಬಾ ಮಾರಾಯ!"

ಅಜ್ಜಿ ಅದನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದಳು. ಬೋಟಿಗೆ ನೈಟಿ ಸರಿಯೋ ಸೀರೆ ಸರಿಯೋ ಎಂಬ ಚರ್ಚೆಯೂ ಆಯಿತು. ತಲೆಗಳನ್ನು ಮೂರು ಚೀಲದಲ್ಲಿ ಸುತ್ತಿ ಕಸದ ತೊಟ್ಟಿಗೆ ಎಸೆದು ಬಂದೆ. ಕಲ್ಲುಗಳನ್ನು ಇನ್ನೊಂದು ಸ್ಟೀಲ್ ತಟ್ಟೆಯಲ್ಲಿ ಹರಡಿ ಆರಲು ಇಟ್ಟೆವು, ಜಾಗವಿದ್ದಲ್ಲಿ, ಅಂದರೆ ಕುಸುರೆಳ್ಳಿನ ತಟ್ಟೆಯ ಪಕ್ಕ. ಎರಡೂ ಬೆಳ್ಳಗೆ, ಎರಡಕ್ಕೂ ಸಣ್ಣ ಹಲ್ಲು. ಆಗ ಬಾಗಿಲ ಬೀಗ ತಿರುಗಿತು.

"ಅರ್ಧಾ ಹೈವೇಗೆ ಹೋಗಿ ನೆನಪಾತು ನೋಡವಾ," ಎನ್ನುತ್ತ ಅಮ್ಮ ಶೂ ಬಿಚ್ಚಿ ನೇರ ಅಡುಗೆಮನೆಗೆ ಬಂದಳು. "ಕುಸುರೆಳ್ಳನ್ನ ಬಿಟ್ಟು ಹೋಗೀನಿ! ಏನಿಷ್ಟು ಊದುಬತ್ತಿ?" ಮಾತಾಡುತ್ತಲೇ ಒಂದು ತಟ್ಟೆಗೆ ಕೈ ಹಾಕಿದಳು. "ಅವ್ವಾ, ಈ ಸಲ ಮುಳ್ಳು ಎಷ್ಟು ಛಂದ ಬಂದಾವ!"

ತಪ್ಪು ತಟ್ಟೆ. ಚಿಟಿಕೆ ತುಟಿಯ ಹತ್ತಿರ ಹೋಯಿತು. ನನ್ನ ಮುಂದೆ ಒಂದು ಕಡೆ ಅಮ್ಮನ ಜೀವಮಾನದ ಶುದ್ಧಿ, ಇನ್ನೊಂದು ಕಡೆ ಬೋಟು. ನಾನು ಇನ್ನೂ ಯೋಚಿಸುತ್ತಲೇ ಇದ್ದೆ.

"ಬಾಯಾಗ ಹಾಕಬ್ಯಾಡ!" ಅಜ್ಜಿ ಅವಳ ಕೈಗೆ ರಪ್ಪನೆ ಹೊಡೆದಳು. "ಅದು ಮೀನಿನ ಕಿವಿ!"

ಅಮ್ಮ ಕೈ ನೋಡಿಕೊಂಡಳು. ತಟ್ಟೆ ನೋಡಿದಳು. ಮೈಕ್ರೋಸ್ಕೋಪ್ ನೋಡಿದಳು, ಅಜ್ಜಿಯ ಹಣೆಯ ಮೇಲಿದ್ದ ಕನ್ನಡಕ ನೋಡಿದಳು. ಕೈಯನ್ನು ಸೋಪಿನಲ್ಲಿ ಎಷ್ಟು ಹೊತ್ತು ತೊಳೆದಳೆಂದರೆ ಪಾರ್ಸಿಪನಿಯಲ್ಲಿ ಎಳ್ಳು ಹಂಚಿ ಮುಗಿದಿರಬೇಕು.

"ಬೋಟ್ ಕ್ಯಾನ್ಸಲ್," ಎಂದಳು.

ಅಜ್ಜಿ ನನ್ನತ್ತ ನೋಡದೆ, ಬಹಳ ಮೆಲ್ಲಗೆ ಕೇಳಿದಳು: "ಅವಂದಷ್ಟ ಹೌದಿಲ್ಲ?"

"ಇಬ್ಬರ್ದೂ, ಅವ್ವಾ."