ಯು ಇಲ್ಲದ ಕ್ಯೂ

ಗುಬ್ಬಿಯಲ್ಲಿ ಒಬ್ಬರು ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಅವರಿಗೆ ಸೋಲಾರ್ ಹೀಟರ್ ಮಾರಬೇಕಾದರೆ ಮೊದಲು ಅವರ ಜೊತೆ ಕೂತು ಅಕ್ಷರದ ಬಿಲ್ಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟ ಆಡಬೇಕು, ಆಮೇಲೆ ವ್ಯಾಪಾರ. ನಾನೂ ಬರಿಗೈಲಿ ಹೋಗಿರಲಿಲ್ಲ. ಯು ಅಕ್ಷರದ ಹಂಗಿಲ್ಲದೆ ಕ್ಯೂ ಬರುವ ಪದಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಬೋರ್ಡಿನಲ್ಲಿದ್ದ ಐ ಎಡಪಕ್ಕ ಕ್ಯೂ ಇಟ್ಟೆ. ಕ್ಯೂ, ಐ: 'ಚಿ'.

"ಚೀನಾದವರು ಪ್ರಾಣಶಕ್ತಿಗೆ ಹೀಗಂತಾರೆ ಸಾರ್."

"ಯು ಇಲ್ದೆ ಕ್ಯೂ ಬರಲ್ಲ ಕಣ್ರೀ! ಜೀವಮಾನವೆಲ್ಲ ಅದನ್ನೇ ಪಾಠ ಮಾಡಿದೀನಿ."

ಡಿಕ್ಷನರಿ ತೋರಿಸೋಣ ಅಂತ ಮೊಬೈಲ್ ತೆಗೆದೆ. ಕಾಫಿ ತಂದ ಅವರ ಹೆಂಡತಿ ಮೆಲ್ಲಗೆ ಕೇಳಿದರು: "ನಿಮಗೆ ಹೀಟರ್ ಮಾರ್ಬೇಕೋ, ಆಟ ಗೆಲ್ಬೇಕೋ?"

ಮೊಬೈಲ್ ಜೇಬು ಸೇರಿತು. "ತಪ್ಪಾಯ್ತು ಸಾರ್" ಅಂತ ಕ್ಯೂ ಬಿಲ್ಲೆಯನ್ನು ಆಟದ ಚೀಲಕ್ಕೆ ವಾಪಸ್ ಹಾಕಿ ಬೇರೆ ಅಕ್ಷರ ತಗೊಂಡೆ.

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಚೀಲಕ್ಕೆ ಕೈ ಹಾಕಿದರು. ಅದೇ ಕ್ಯೂ ಬಂತು. ಕನ್ನಡಕ ಸರಿ ಮಾಡಿಕೊಂಡು, ನಾನು ಇಟ್ಟಿದ್ದ ಜಾಗದಲ್ಲೇ, ಅದೇ ಐ ಪಕ್ಕ ಇಟ್ಟರು.

"ಇದು ಚೀನಾದ ಪದ. ನಿಮ್ಮ ಕಾಲದೋರಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತೆ? ಬರ್ಕೊಳ್ಳಿ."

ವಿನಯದಿಂದ ಬರ್ಕೊಂಡೆ. ಅದರ ಕೆಳಗೇ ಹೀಟರಿನ ಆರ್ಡರನ್ನೂ ಬರ್ಕೊಂಡೆ, ಇರೋದ್ರಲ್ಲೇ ದೊಡ್ಡದು.