ನಂಬರ್ ಕೊಟ್ಟಿದ್ದು ನನ್ನನ್ನು ಕರೆಸೋಕೆ

ಅದು ತೊಂಬತ್ತಾರನೇ ಇಸವಿ. ಸಂಕ್ರಾಂತಿ ಕಳೆದು ಹೊಲದ ಕೆಲಸ ಸ್ವಲ್ಪ ಬಿಡುವಾಗಿತ್ತು. ನನ್ನ ಕೆಮ್ಮು ಮಾತ್ರ ಬಿಡುವು ಕೊಟ್ಟಿರಲಿಲ್ಲ. ಕಷಾಯ ಕುಡಿದದ್ದಾಯಿತು, ಅಂಗಡಿಯಿಂದ ಬಾಟಲಿ ಔಷಧಿ ತಂದದ್ದಾಯಿತು. ಸಂಜೆಯಾದರೆ ಮೈ ಬಿಸಿ, ಹಾಕಿಕೊಂಡ ರವಿಕೆ ದಿನೇ ದಿನೇ ಸಡಿಲ. ಕೊನೆಗೆ ನಮ್ಮ ಯಜಮಾನರೇ, "ನಿಮ್ಮೂರ ಕಡೆ ಆ ಡಾಕ್ಟ್ರಮ್ಮಂಗೆ ತೋರ್ಸ್ಕೊಂಡು ಬಾ ಓಗು" ಎಂದು ಗದರಿ ಕಳಿಸಿದರು.

ನಮ್ಮದು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿ. ನನ್ನ ತವರು ಪಾಂಡವಪುರದ ಪಕ್ಕ. ನನ್ನ ಎರಡು ಹೆರಿಗೆಯನ್ನೂ ನೋಡಿಕೊಂಡ ಡಾಕ್ಟರಮ್ಮನ ಕ್ಲಿನಿಕ್ಕು ಪಾಂಡವಪುರ ಪೇಟೆಯಲ್ಲೇ ಇತ್ತು. ನಮ್ಮೂರಿನಿಂದ ಅಲ್ಲಿಗೆ ಎರಡು ಬಸ್ಸು ಬದಲಿಸಬೇಕು, ಇಡೀ ದಿನ ಹಾಳು. ನನ್ನಂಥ ದೂರದವರಿಗಾಗಿ ಅವರು ಆಗಷ್ಟೇ ಒಂದು ಅನುಕೂಲ ಮಾಡಿದ್ದರು. ಮಧ್ಯಾಹ್ನದ ಹೊತ್ತು ಫೋನ್ ಮಾಡಿದರೆ ಅವರೇ ಮಾತಾಡಿ, ಮಾತ್ರೆ ಮುಂದುವರಿಸಬೇಕೋ ಬಿಡಬೇಕೋ ಹೇಳುತ್ತಿದ್ದರು. ಪರೀಕ್ಷೆಯ ರಿಪೋರ್ಟು ಬಂದರೆ ಕ್ಲಿನಿಕ್ಕಿನಿಂದಲೇ ನಮಗೆ ಫೋನ್ ಬರುತ್ತಿತ್ತು. ಈಗಿನವರಿಗೆ ಇದೇನು ದೊಡ್ಡ ಮಾತು ಅನ್ನಿಸಬಹುದು. ಆಗ ಅದು ನಮಗೆ ದೊಡ್ಡ ಉಪಕಾರ.

ಡಾಕ್ಟರಮ್ಮ ಕಫದ ಪರೀಕ್ಷೆಗೆ ಬರೆದರು. ಅಲ್ಲಿನ ಕಾಂಪೌಂಡರು, "ಫೋನ್ ನಂಬರ್ ಹೇಳಿ" ಎಂದರು. ನಮ್ಮ ಮನೆಯಲ್ಲಿ ಎಲ್ಲಿಯ ಫೋನು? ನಮ್ಮೂರ ರಾಜಣ್ಣನ ಅಂಗಡಿಯ ನಂಬರ್ ಕೊಟ್ಟು, ಮುಂದೆ ಪಿ.ಪಿ. ಎಂದು ಬರೆಸಿದೆ. ಫೋನಿಲ್ಲದವರೆಲ್ಲ ಹೀಗೆ ಪಕ್ಕದವರ ನಂಬರ್ ಕೊಡುತ್ತಿದ್ದ ಕಾಲ ಅದು. ನಮ್ಮೂರಿಗೆಲ್ಲ ಇದ್ದದ್ದು ಆ ಒಂದೇ ಫೋನು. ಗಂಟೆ ಹೊಡೆದರೆ ರಾಜಣ್ಣ ಬೀದಿಗೆ ಬಂದು ಹೆಸರು ಕೂಗುವುದು, ಕೂಗಿಸಿಕೊಂಡವರು ಸೆರಗಿಗೆ ಕೈ ಒರೆಸುತ್ತ ಓಡುವುದು. ರಾಜಣ್ಣ ಒಳ್ಳೆಯ ಮನುಷ್ಯ. ಯಾರ ಸುದ್ದಿಯನ್ನೂ ತಡ ಮಾಡುತ್ತಿರಲಿಲ್ಲ. ನನಗೆ ಬಂದ ಕಷ್ಟವೂ ಅದರಿಂದಲೇ.

ಕಫ ಕೊಟ್ಟು ಬಂದ ಮೂರನೇ ದಿನ ಸಂಜೆ ನಾನು ಹಾಲಿನ ಡೈರಿಯ ಸಾಲಿನಲ್ಲಿದ್ದೆ. ನಮಗೆ ಎರಡು ಸೀಮೆಹಸು. ಮಕ್ಕಳ ಫೀಸು, ಮನೆಯ ಸೋಪು ಸಕ್ಕರೆ, ಎಲ್ಲ ಆ ಹಾಲಿನಿಂದ. ಅತ್ತೆಯನ್ನಾಗಲಿ ಗಂಡನನ್ನಾಗಲಿ ಕೇಳದೆ ನಾನು ಖರ್ಚು ಮಾಡಬಹುದಾಗಿದ್ದ ದುಡ್ಡೆಂದರೆ ಅದೊಂದೇ. ಡೈರಿ ಸೆಕ್ರೆಟರಿ ಪುಟ್ಟಸ್ವಾಮಿ ನನ್ನ ಹಾಲಿಗೆ ಲ್ಯಾಕ್ಟೋಮೀಟರ್ ಬಿಡುವಷ್ಟರಲ್ಲಿ ರಾಜಣ್ಣ ಏದುಸಿರು ಬಿಡುತ್ತ ಬಂದ.

"ಇಲ್ಲಿದ್ದೀಯಾ ಸುಸೀಲವ್ವ? ನಿಮ್ಮನೆ ತಾವ್ಕೂ ಓಗಿದ್ದೆ. ಪಾಂಡವಪುರದಿಂದ ಫೋನ್ ಬಂದಿತ್ತು ಕಣವ್ವ. ನಿನ್ ಕಫದಲ್ಲಿ ಟಿ.ಬಿ. ಅದಂತೆ. ನಾಳೆನೇ ಬಂದು ಮಾತ್ರೆ ಸುರು ಮಾಡ್ಬೇಕು ಅಂತ ಕಾಂಪೌಂಡ್ರು ಯೋಳುದ್ರು. ತಡ ಮಾಡ್ಬ್ಯಾಡ."

ನನ್ನ ಹಿಂದೆಯೇ ನಿಂತಿದ್ದ ಪಕ್ಕದ ಬೀದಿಯ ಭಾಗ್ಯ ತನ್ನ ಕ್ಯಾನನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. ಪುಟ್ಟಸ್ವಾಮಿ ಲ್ಯಾಕ್ಟೋಮೀಟರ್ ಎತ್ತಿ ಬಟ್ಟೆಗೆ ಒರೆಸಿದ. ನನ್ನ ಮುಖ ನೋಡದೆ, "ಇವತ್ತಿರ್ಲಿ ಬುಡು ಸುಸೀಲಕ್ಕ. ಜನ ಏನಾದ್ರೂ ಅಂತಾರೆ. ನಾಳಿಂದ ನೋಡುವ" ಎಂದ. ನನಗಾದ ಅವಮಾನ ಅಷ್ಟಿಷ್ಟಲ್ಲ. ಕಾಯಿಲೆಯ ಭಯ ಆಮೇಲೆ ಬಂತು.

ತುಂಬಿದ ಕ್ಯಾನು ಹಾಗೇ ಮನೆಗೆ ಬಂತು. ನಮ್ಮತ್ತೆಯ ಬಾಯಿಗೆ ಹೆದರಿದೆ. ಅವರು ಎಲ್ಲ ಕೇಳಿಸಿಕೊಂಡು, ಹಾಲು ಕಾಯಿಸಿ, ದೊಡ್ಡ ಲೋಟದಲ್ಲಿ ಬಗ್ಗಿಸಿಕೊಂಡು ಪಡಸಾಲೆಯಲ್ಲಿ ಬೀದಿಗೆ ಕಾಣುವ ಹಾಗೆ ಕೂತು ಕುಡಿದರು. "ನಮ್ಮನೆ ಆಲು ಇವ್ರಿಗೆ ಇಸವಾಯ್ತಾ? ನೋಡ್ಲಿ, ನಾನು ಸತ್ತೋಯ್ತೀನಾ" ಎಂದರು. ಆವತ್ತು ನನಗೆ ಅಳು ಬಂದದ್ದು ಆ ಮಾತಿಗೆ.

ಮರುದಿನ ಮೊದಲ ಬಸ್ಸಿಗೇ ಹೊರಟೆ. ಮಾತ್ರೆ ತರುವುದಕ್ಕಿಂತ ಜಗಳಕ್ಕೇ ಹೊರಟೆ ಎಂದರೂ ಸರಿ. ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯದೆ ನೇರ ಕಾಂಪೌಂಡರ ಮೇಜಿನ ಮುಂದೆ ನಿಂತೆ.

"ನನ್ ಕಾಯ್ಲೆನ ಊರ್ಗೆಲ್ಲ ಯೋಳಕೆ ನೀವ್ಯಾರು?"

ಆತನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ರೇಗಿದ. "ಬೇಗ ಗೊತ್ತಾಗಲಿ ಅಂತ ಫೋನ್ ಮಾಡಿದ್ದು ತಪ್ಪಾ? ಪಿ.ಪಿ. ನಂಬರ್ ಕೊಟ್ಟವರು ನೀವೇ ತಾನೆ?"

"ನಂಬರ್ ಕೊಟ್ಟಿದ್ದು ನನ್ನ ಕರ್ಸಕೆ ಕಣಪ್ಪ. ಎತ್ಕೊಂಡೋರಿಗೆಲ್ಲ ನನ್ ಕಾಯ್ಲೆ ಅಂಚಕಲ್ಲ!"

ಗಲಾಟೆ ಕೇಳಿ ಡಾಕ್ಟರಮ್ಮ ಈಚೆ ಬಂದರು. ನನ್ನನ್ನು ಒಳಗೆ ಕೂರಿಸಿಕೊಂಡು, ಬಾಗಿಲು ಹಾಕಿ, ಎಲ್ಲ ಕೇಳಿದರು. ನಾನು ಜೋರು ಜೋರಾಗಿಯೇ ಹೇಳಿದೆ. ಡಾಕ್ಟರು ಬೈಯಬಹುದು, ಇನ್ನು ಬರಬೇಡ ಅನ್ನಬಹುದು ಎಂದುಕೊಂಡಿದ್ದೆ. ಅವರು, "ತಪ್ಪು ನಮ್ಮದು ಸುಶೀಲ. ಫೋನ್ ಇಟ್ಟುಕೊಂಡರೆ ಸಾಕು ಅಂದುಕೊಂಡಿದ್ದೆ, ಆ ಕಡೆ ಯಾರಿದ್ದಾರೆ ಅಂತ ಯೋಚಿಸಲೇ ಇಲ್ಲ" ಎಂದರು. ಒಬ್ಬ ಡಾಕ್ಟರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ಬರೀ ಮಾತಲ್ಲೇ ಬಿಡಲಿಲ್ಲ. ಕಾಂಪೌಂಡರ ಮೇಜಿನ ಮೇಲೂ ಅದೇ ಲೈನಿನ ಇನ್ನೊಂದು ಫೋನಿತ್ತು. ಒಳಗೆ ಡಾಕ್ಟರಮ್ಮ ಮಾತಾಡುವಾಗ ಹೊರಗೆ ಅದನ್ನು ಎತ್ತಿದರೆ ಎಲ್ಲ ಕೇಳಿಸುತ್ತಿತ್ತು. ನನ್ನೆದುರೇ ಅದರ ವೈರು ಬಿಚ್ಚಿಸಿದರು. ಮೇಜಿನ ಮೇಲೆ ಹರಡಿದ್ದ ರಿಪೋರ್ಟುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಸಿದರು. ಇನ್ನು ಮೇಲೆ ಪಿ.ಪಿ. ನಂಬರಿಗೆ ಫೋನ್ ಮಾಡಿದರೆ, "ಕ್ಲಿನಿಕ್ಕಿಗೆ ಫೋನ್ ಮಾಡಲು ಹೇಳಿ" ಎಂಬುದರ ಹೊರತು ಒಂದಕ್ಷರವೂ ಆಡಬಾರದು ಎಂದು ಕಾಂಪೌಂಡರಿಗೆ ತಾಕೀತಾಯಿತು. ನನಗೂ ಒಂದು ಕಟ್ಟುಪಾಡು ಹಾಕಿದರು. ಬಾಗಿಲಿರುವ ಬೂತಿನಿಂದಲೇ ಫೋನ್ ಮಾಡಬೇಕು, ಹೆಸರು ಹೇಳುವ ಮೊದಲು ನಮ್ಮಿಬ್ಬರಿಗೇ ಗೊತ್ತಿರುವ ಒಂದು ಗುರುತಿನ ಮಾತು ಹೇಳಬೇಕು. ಅದನ್ನು ಆರಿಸಿದವಳು ನಾನೇ. ಏನೆಂದು ಇಲ್ಲೂ ಬರೆಯುವುದಿಲ್ಲ.

ಆಮೇಲೆ ಕಾಯಿಲೆಯ ಮಾತು. ಮಕ್ಕಳನ್ನು ಕರೆತಂದು ತೋರಿಸಬೇಕು, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಬೇಕು, ಸ್ವಲ್ಪ ದಿನ ಬೇರೆ ಮಲಗಬೇಕು, ಹಾಲು ಕರೆಯುವುದನ್ನು ಯಜಮಾನರಿಗೆ ಬಿಡಬೇಕು, ಏನೇ ಆದರೂ ನಡುವೆ ಮಾತ್ರೆ ನಿಲ್ಲಿಸಕೂಡದು. ಎಲ್ಲದಕ್ಕೂ ತಲೆಯಾಡಿಸಿದೆ. ಕೊನೆಗೆ, "ನಿಮ್ಮ ಹಾಲಿನಿಂದ ಯಾರಿಗೂ ತೊಂದರೆ ಇಲ್ಲ ಅಂತ ಡೈರಿಗೆ ಒಂದು ಚೀಟಿ ಬರೆದುಕೊಡಲಾ?" ಎಂದರು. ಅದಕ್ಕೆ ಮಾತ್ರ ಒಪ್ಪಲಿಲ್ಲ.

"ಬ್ಯಾಡಿ ಡಾಕ್ಟ್ರಮ್ಮ. ಇವತ್ತು ನಾನು ಚೀಟಿ ಇಡ್ಕೊಂಡು ನಿಂತ್ರೆ, ನಾಳೆ ಕಾಯ್ಲೆ ಬಂದೋರೆಲ್ಲ ಅಂಗೇ ನಿಂತ್ಕೋಬೇಕಾಯ್ತದೆ."

ಮಾರನೇ ಬೆಳಿಗ್ಗೆ ಯಜಮಾನರೇ ಹಾಲು ಕರೆದರು, ಅವರೇ ಕ್ಯಾನು ಹೊತ್ತರು. ಹೆಚ್ಚು ಮಾತಾಡುವವರಲ್ಲ ಅವರು. ಮಾತಿಗೆ ನಾನಿದ್ದೆನಲ್ಲ. ಸೆರಗನ್ನು ಮೂಗಿನ ಮೇಲಕ್ಕೆಳೆದುಕೊಂಡು ಡೈರಿಯ ಬಾಗಿಲ ಹೊರಗೆ ನಿಂತೆ. ಪುಟ್ಟಸ್ವಾಮಿ ಕ್ಯಾನು ನೋಡಿ, "ಡಾಕ್ಟ್ರ ತಾವ ಚೀಟಿ ತಂದ್ಯಾ ಸುಸೀಲಕ್ಕ?" ಎಂದ.

"ಇಲ್ಲ."

"ಚೀಟಿ ಇಲ್ದೆ ಎಂಗೆ ಆಕುಸ್ಕೊಳ್ಳಲಿ?"

"ಎಲ್ಲಾರೂ ತರ್ಲಿ, ನಾನೂ ತತ್ತೀನಿ. ಇಲ್ಲಿ ಯಾರ್ಗೆ ಸಕ್ಕರೆ ಕಾಯ್ಲೆ, ಯಾರ್ಗೆ ಮೂಲವ್ಯಾಧಿ, ಯಾರ್ಗೆ ಕಜ್ಜಿ, ಎಲ್ಲಾ ಚೀಟಿನೂ ನಿನ್ ಮೇಜಿನ್ ಮ್ಯಾಲೆ ಬೀಳ್ಲಿ. ಮೊದ್ಲು ನಿಂದೇ ತೋರ್ಸು ಪುಟ್ಸಾಮಣ್ಣ."

ಯಾರೋ ಕಿಸಕ್ಕನೆ ನಕ್ಕರು. ಪುಟ್ಟಸ್ವಾಮಿಯ ಮುಖ ಕೆಂಪಾಯಿತು. ಸಾಲಿನಲ್ಲಿದ್ದ ಒಬ್ಬ ಹಿರಿಯರು, "ಎಣ್ಣೆಂಗ್ಸು ಅಂದ್ಮ್ಯಾಲೆ ಒಸಿ ತಗ್ಗಿ ಬಗ್ಗಿ ಮಾತಾಡ್ಬೇಕು" ಎಂದರು. ತಗ್ಗಿ ಬಗ್ಗಿ ಇದ್ದು ನನಗೆ ಸಿಕ್ಕಿದ್ದೇನು? "ಆಲು ಕರ್ದೋರು ನಮ್ಮೆಜಮಾನ್ರು. ನೀವೆಲ್ಲ ಆಲು ಕಾಯ್ಸೇ ಕುಡಿಯೋದು. ಇನ್ನೇನ್ ಬೇಕು? ನಮ್ದು ಅಳೆಯೋಗಂಟ ನಾನು ಇಲ್ಲಿಂದ ಅಲ್ಲಾಡಲ್ಲ" ಎಂದು ಬಾಗಿಲಿಗೆ ಅಡ್ಡವಾಗಿ ಜಗಲಿಯ ಮೇಲೆ ಕೂತುಬಿಟ್ಟೆ. ಯಜಮಾನರು ಕ್ಯಾನನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿ ನಿಂತರು. ಕೆಮ್ಮು ಬೇರೆ ಒತ್ತರಿಸಿ ಬರುತ್ತಿತ್ತು. ಹಲ್ಲು ಕಚ್ಚಿ ತಡೆದುಕೊಂಡೆ.

ಅಷ್ಟರಲ್ಲಿ ಹಾಲಿನ ಲಾರಿ ಊರ ಬಾಗಿಲಲ್ಲಿ ಹಾರನ್ ಹೊಡೆಯಿತು. ಲಾರಿ ಹೋದರೆ ಇಡೀ ಊರಿನ ಹಾಲು ಉಳಿಯುತ್ತದೆ. ಸಾಲಿನಲ್ಲಿ ಗುಜುಗುಜು ಶುರುವಾಯಿತು. "ಅಳೆದ್ಬುಡಪ್ಪ ಅತ್ಲಾಗೆ" ಎಂದು ಹಿಂದಿನಿಂದ ಯಾರೋ ಅಂದರು. ತಗ್ಗಿ ಬಗ್ಗಿ ಅಂದಿದ್ದ ಅದೇ ಹಿರಿಯರೂ, "ಅಳೆಯೋ, ಒತ್ತಾಯ್ತದೆ" ಎಂದರು. ಪುಟ್ಟಸ್ವಾಮಿ ಲ್ಯಾಕ್ಟೋಮೀಟರನ್ನು ನಮ್ಮ ಹಾಲಿಗೆ ಬಿಟ್ಟ. ಆವತ್ತಿನಿಂದ ಒಂದು ಹೊತ್ತೂ ನಮ್ಮ ಹಾಲು ವಾಪಸ್ಸು ಬರಲಿಲ್ಲ.

ಮಾತ್ರೆ ಶುರುವಾದ ಹೊಸದರಲ್ಲಿ ಮೂತ್ರ ಕೆಂಪಗೆ ಹೋಗತೊಡಗಿತು. ರಕ್ತವೇ ಹೋಗುತ್ತಿದೆ ಎಂದು ಹೆದರಿ ಮಾತ್ರೆ ನಿಲ್ಲಿಸುವವಳಿದ್ದೆ. ಇಂಥ ಮಾತನ್ನು ರಾಜಣ್ಣನ ಅಂಗಡಿಯಲ್ಲಿ ನಿಂತು ಆಡಲಾಗುತ್ತದೆಯೇ? ನಾಗಮಂಗಲದ ಬಸ್ ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿಗೆ ಹೋಗಿ, ಗಾಜಿನ ಬಾಗಿಲು ಹಾಕಿಕೊಂಡು, ಗುರುತಿನ ಮಾತು ಹೇಳಿ ಕೇಳಿದೆ. "ಅದು ಮಾತ್ರೆಯ ಬಣ್ಣ ಸುಶೀಲ, ಹೆದರಬೇಡಿ. ಕಣ್ಣು ಹಳದಿಯಾದರೆ ಮಾತ್ರ ತಕ್ಷಣ ಬನ್ನಿ" ಎಂದರು ಡಾಕ್ಟರಮ್ಮ. ಮಾತ್ರೆ ನಿಲ್ಲಿಸಲಿಲ್ಲ. ಬದುಕಿದೆ. ಮಕ್ಕಳಿಗೂ ಏನೂ ಆಗಲಿಲ್ಲ.

ರಾಜಣ್ಣ ಒಂದು ದಿನ ಮನೆಗೇ ಬಂದು, "ಒಳ್ಳೇದಾಗ್ಲಿ ಅಂತ್ಲೇ ಯೋಳ್ದೆ ಕಣವ್ವ" ಎಂದು ಪೆಚ್ಚಾಗಿ ನಿಂತ. ನಾನು ಸಮಾಧಾನ ಹೇಳಲಿಲ್ಲ, ಕಾಫಿ ಕೊಟ್ಟೆ.

ನನ್ನ ಮಾತ್ರೆ ಇನ್ನೇನು ಮುಗಿಯುವ ಹೊತ್ತಿಗೆ, ಆವತ್ತು ಕ್ಯಾನು ಹಿಂದಕ್ಕೆಳೆದುಕೊಂಡ ಭಾಗ್ಯ ಕೊಟ್ಟಿಗೆಯ ಹತ್ತಿರ ಬಂದಳು. ಹಸುವಿನ ಮೈ ಸವರಿದಳು. ಆಮೇಲೆ, "ಅಕ್ಕ, ಆ ಡಾಕ್ಟ್ರಮ್ಮಂಗೆ ಫೋನ್ ಮಾಡದು ಎಂಗೆ? ಯಾರ್ಗೂ ಗೊತ್ತಾಗಲ್ಲ ತಾನೆ?" ಎಂದಳು. ನನ್ನ ನಾಲಿಗೆ ತುದಿಗೆ ಒಂದು ಚುಚ್ಚುಮಾತು ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ.

ಮಾರನೇ ದಿನ ಇಬ್ಬರೂ ನಾಗಮಂಗಲದ ಬೂತಿಗೆ ಹೋದೆವು. ನಂಬರ್ ಒತ್ತಿ, ರಿಸೀವರ್ ಅವಳ ಕೈಗೆ ಕೊಟ್ಟು, ಈಚೆ ಬಂದು ಬಾಗಿಲು ಎಳೆದೆ. ಗಾಜಿನ ಕಡೆಗೆ ಬೆನ್ನು ಮಾಡಿ, ಒಳಗೆ ಇಣುಕಲು ನೋಡಿದವರನ್ನೆಲ್ಲ ಗುರಾಯಿಸುತ್ತ ನಿಂತೆ. ಭಾಗ್ಯ ಕಣ್ಣೊರೆಸಿಕೊಂಡು ಹೊರಗೆ ಬಂದಳು. ಈಗಲೂ ನಮ್ಮ ಪಕ್ಕದ ಬೀದಿಯಲ್ಲೇ ಇದ್ದಾಳೆ, ಗಟ್ಟಿಮುಟ್ಟಾಗಿದ್ದಾಳೆ. ಅವಳಿಗೆ ಏನು ಕಾಯಿಲೆಯಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೇಳಿಲ್ಲ.